ಚಿಕ್ಕ ಕಾಲೇಜನ್ನು ಆರಿಸಿಕೊಂಡ ಡಾ. ಜಾಕಿರ್ ಹುಸೇನ್



ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರದಿಂದ ಎಮ್ಮಿಗನೂರಿನಂಥ ಊರುಗಳಲ್ಲಿ ಮನೆಮನೆಯಲ್ಲೂ ಒಂದೇ ಚರ್ಚೆ. ಮಗನನ್ನು ಬಳ್ಳಾರಿಗೆ ಕಳಿಸಬೇಕೇ, ಸಾಲ ಮಾಡಿಯಾದರೂ ಬೆಂಗಳೂರಿಗೆ ಕಳಿಸಬೇಕೇ, ಇಲ್ಲ ಹತ್ತಿರದ ಕಂಪ್ಲಿ, ಹೊಸಪೇಟೆಯ ಚಿಕ್ಕ ಕಾಲೇಜಿನಲ್ಲಿ ಬಿ.ಎ.ಗೆ ಸೇರಿಸಿದರೆ ಸಾಕೇ? ಮಗಳಾದರೆ ಬಸ್ಸಿನ ವೇಳೆ, ಹಾಸ್ಟೆಲ್ಲು, ನೆಂಟರ ಮಾತು, ಎಲ್ಲವೂ ಆ ಚರ್ಚೆಯಲ್ಲಿ ಸೇರಿಕೊಳ್ಳುತ್ತವೆ. ಬಿ.ಎ. ಎಂದೊಡನೆ ಮೂಗು ಮುರಿಯುವವರೇ ನಮ್ಮಲ್ಲಿ ಹೆಚ್ಚು. ಬೇರೇನೂ ಸಿಗದವರು ಓದುವುದು ಬಿ.ಎ. ಎಂಬ ಭಾವನೆ ಬೇರೂರಿಬಿಟ್ಟಿದೆ. ಈ ಪುಟವನ್ನು ತೆರೆದಿರುವ ನೀವು ವಿದ್ಯಾರ್ಥಿಯಾಗಿರಬಹುದು, ಅಬ್ಬಾ ಅಥವಾ ಅಮ್ಮಿಯಾಗಿರಬಹುದು. ಯಾರೇ ಆಗಿರಿ, ತೀರ್ಮಾನಕ್ಕೆ ಬರುವ ಮೊದಲು ಈ ದೇಶದ ಮೂರನೆಯ ರಾಷ್ಟ್ರಪತಿಯಾಗಿದ್ದ ಡಾ. ಜಾಕಿರ್ ಹುಸೇನ್ ಸಾಹೇಬರ ಜೀವನವನ್ನು ಒಮ್ಮೆ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅವರನ್ನು ರಾಷ್ಟ್ರಪತಿಯೆಂದು ಎಲ್ಲರೂ ಬಲ್ಲರು. ಗೋಡೆಯಿಲ್ಲದ, ಹಣವಿಲ್ಲದ, ಸರ್ಕಾರದ ಮನ್ನಣೆಯೂ ಇಲ್ಲದ ಒಂದು ಪುಟ್ಟ ಕಾಲೇಜನ್ನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಆರಿಸಿಕೊಂಡವರೆಂದು ಬಲ್ಲವರು ಕಡಿಮೆ.

ಜಾಕಿರ್ ಹುಸೇನರು ಜನಿಸಿದ್ದು 1897ರ ಫೆಬ್ರವರಿ 8ರಂದು, ಹೈದರಾಬಾದಿನಲ್ಲಿ. ಆ ಹೈದರಾಬಾದ್ ರಾಜ್ಯ ನಮಗೆ ದೂರದ್ದೇನಲ್ಲ. ಆಗ ಕಂಪ್ಲಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ತುಂಗಭದ್ರೆ ದಾಟಿ ಗಂಗಾವತಿಗೆ ಕಾಲಿಟ್ಟರೆ ನಿಜಾಮರ ರಾಜ್ಯ. ತಂದೆ ಫಿದಾ ಹುಸೇನ್ ಖಾನರು ಉತ್ತರ ಪ್ರದೇಶದ ಕಾಯಿಮ್‌ಗಂಜ್‌ನ ಪಠಾಣ ಮನೆತನದವರು. ಹೈದರಾಬಾದಿಗೆ ಬಂದು ಕಾನೂನು ಓದಿ ವಕೀಲಿಯಲ್ಲಿ ಹೆಸರು ಮಾಡಿದರು. 1907ರಲ್ಲಿ, ಜಾಕಿರ್ ಹತ್ತು ವರ್ಷದವರಿದ್ದಾಗ, ತಂದೆ ತೀರಿಕೊಂಡರು. ತಾಯಿ ಏಳು ಗಂಡುಮಕ್ಕಳನ್ನು ಕಟ್ಟಿಕೊಂಡು ಕಾಯಿಮ್‌ಗಂಜ್‌ಗೆ ಮರಳಿದರು. 1911ರ ಪ್ಲೇಗು ಆ ತಾಯಿಯನ್ನೂ ಕರೆದುಕೊಂಡಿತು. ಆಗ ಜಾಕಿರ್ ಇಟಾವಾ ಊರಿನ ಇಸ್ಲಾಮಿಯಾ ಹೈಸ್ಕೂಲಿನಲ್ಲಿ ಓದುತ್ತಿದ್ದರು. ಯತೀಮನಾದ ಹುಡುಗನನ್ನು ಅಲ್ಲಿನ ಮುಖ್ಯೋಪಾಧ್ಯಾಯರಾದ ಸೈಯದ್ ಅಲ್ತಾಫ್ ಹುಸೇನರು ತಿದ್ದಿ ಬೆಳೆಸಿದರು. ಸರಳ ಉಡುಪು, ನಮಾಜು, ಸಮಾಜದ ಕೆಲಸಕ್ಕೆ ಮನೆಮನೆಗೆ ಹೋಗಿ ಚಂದಾ ಎತ್ತುವುದು, ಇವೆಲ್ಲ ಅಲ್ಲಿ ಕಲಿತ ಪಾಠಗಳು. ಚಿಕ್ಕ ಊರಿನ ಚಿಕ್ಕ ಶಾಲೆ, ಆದರೆ ಮಗುವನ್ನು ಹೆಸರಿಡಿದು ಬಲ್ಲ ಒಬ್ಬ ಉಸ್ತಾದ್. ಇದನ್ನು ನೆನಪಿಟ್ಟುಕೊಳ್ಳಿ. ಮುಂದಿನ ತೀರ್ಮಾನಗಳಿಗೆಲ್ಲ ಇಟಾವಾದ ಈ ಅನುಭವವೇ ಬುನಾದಿ ಎಂದು ನನಗೆ ತೋರುತ್ತದೆ.

1913ರಲ್ಲಿ ಅವರು ಅಲಿಗಢದ ಎಂ.ಎ.ಓ. ಕಾಲೇಜು ಸೇರಿದರು. ಸರ್ ಸೈಯದ್ ಅಹ್ಮದ್ ಖಾನರು ಕಟ್ಟಿದ ಆ ಕಾಲೇಜಿಗೆ ಆಗ ಸಾಟಿಯಾದುದು ಮುಸ್ಲಿಂ ಸಮುದಾಯದಲ್ಲಿ ಇನ್ನೊಂದಿರಲಿಲ್ಲ. ಜಾಕಿರರ ಮನಸ್ಸಿನಲ್ಲಿದ್ದುದು ಡಾಕ್ಟರ್ ಆಗಬೇಕೆಂಬ ಆಸೆ. ವಿಜ್ಞಾನ ತೆಗೆದುಕೊಂಡರು, ಬಿ.ಎಸ್ಸಿ.ಗೆಂದು ಲಖನೌದ ಕ್ರಿಶ್ಚಿಯನ್ ಕಾಲೇಜಿಗೂ ಹೋದರು. ಅಲ್ಲಿ ಕಾಯಿಲೆ ಬಿದ್ದು ಓದು ನಿಂತಿತು. ಒಂದು ವರ್ಷ ಹಾಳಾಯಿತು. ಮತ್ತೆ ಅಲಿಗಢಕ್ಕೆ ಬಂದಾಗ ಅವರು ಆರಿಸಿಕೊಂಡದ್ದು ಬಿ.ಎ.: ತತ್ವಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮತ್ತು ಅರ್ಥಶಾಸ್ತ್ರ. 1918ರಲ್ಲಿ ಪದವಿ ಪಡೆದರು. ನಂತರ ಅರ್ಥಶಾಸ್ತ್ರದಲ್ಲಿ ಎಂ.ಎ., ಜೊತೆಗೆ ಕಾನೂನು. ಅದೇ ದಿನಗಳಲ್ಲಿ ಪ್ಲೇಟೋ ಬರೆದ ರಿಪಬ್ಲಿಕ್ ಗ್ರಂಥವನ್ನು ಉರ್ದುವಿಗೆ ತರುವ ಕೆಲಸಕ್ಕೂ ಕೈಹಾಕಿದರು. ವಿಜ್ಞಾನ ಬಿಟ್ಟು ಕಲಾ ವಿಭಾಗಕ್ಕೆ ಬಂದ ಹುಡುಗನನ್ನು ಸೋತವನೆಂದು ಕರೆಯುವ ರೂಢಿ ನಮ್ಮಲ್ಲಿದೆಯಲ್ಲ, ಅಂಥವರಿಗೆ ಈ ಒಂದು ಉದಾಹರಣೆ ಸಾಕು.

ಈಗ 1920ಕ್ಕೆ ಬರೋಣ. ಖಿಲಾಫತ್ ಮತ್ತು ಅಸಹಕಾರ ಚಳವಳಿಯ ವರ್ಷ. ಅಕ್ಟೋಬರ್ 12ರಂದು ಗಾಂಧೀಜಿ ಮತ್ತು ಅಲಿ ಸಹೋದರರು ಅಲಿಗಢಕ್ಕೆ ಬಂದು, ಸರ್ಕಾರದ ಹಣದಿಂದ ನಡೆಯುವ ಕಾಲೇಜನ್ನು ತೊರೆಯಿರೆಂದು ವಿದ್ಯಾರ್ಥಿಗಳಿಗೆ ಕರೆ ಕೊಟ್ಟರು. ಕರೆಗೆ ಓಗೊಟ್ಟವರು ಕಡಿಮೆ, ಗೇಲಿ ಮಾಡಿದವರು ಹೆಚ್ಚು. ಆ ಗೇಲಿ ಜಾಕಿರರ ಮನಸ್ಸನ್ನು ಚುಚ್ಚಿತು. ಆಗವರು ಎಂ.ಎ. ವಿದ್ಯಾರ್ಥಿ, ಜೊತೆಗೆ ಅದೇ ಕಾಲೇಜಿನಲ್ಲಿ ಕಿರಿಯ ಅಧ್ಯಾಪಕ. ಕೈಯಲ್ಲಿ ಕೆಲಸವಿತ್ತು, 1915ರಲ್ಲೇ ಮದುವೆಯಾಗಿ ಸಂಸಾರವಿತ್ತು. ಕಾಲೇಜು ವಿಶ್ವವಿದ್ಯಾಲಯವಾಗಲು ಎರಡು ತಿಂಗಳೂ ಉಳಿದಿರಲಿಲ್ಲ, ಅದೇ ವರ್ಷದ ಡಿಸೆಂಬರಿನಲ್ಲಿ ಅದು ಆಗಿಯೂ ಆಯಿತು. ಇಂಥ ಸಮಯದಲ್ಲಿ ಎದ್ದು ಹೋಗುವುದೆಂದರೆ ಸಣ್ಣ ಮಾತಲ್ಲ. ಇಲ್ಲಿ ಜಾಕಿರರ ನಡೆಯನ್ನು ಗಮನಿಸಿ. ಅವರು ಬರಿಗೈಯಲ್ಲಿ ಹೊರಗೆ ಧುಮುಕಲಿಲ್ಲ. ದೆಹಲಿಗೆ ಹೋಗಿ ಹಕೀಮ್ ಅಜ್ಮಲ್ ಖಾನ್, ಡಾ. ಅನ್ಸಾರಿ, ಮೌಲಾನಾ ಮುಹಮ್ಮದ್ ಅಲಿಯವರನ್ನು ಕಂಡು, ಕಾಲೇಜು ಬಿಟ್ಟ ಹುಡುಗರು ಓದಲು ಒಂದು ಸ್ವತಂತ್ರ ವಿದ್ಯಾಸಂಸ್ಥೆ ಬೇಕು, ಅದನ್ನು ತೆರೆಯುವುದಾದರೆ ತಾವು ಬರುವುದಾಗಿ ಕೇಳಿಕೊಂಡರು. ಬಿಡುವುದಕ್ಕೆ ಮೊದಲು ಸೇರುವ ಜಾಗ ಯಾವುದೆಂದು ಗಟ್ಟಿ ಮಾಡಿಕೊಂಡರು.

1920ರ ಅಕ್ಟೋಬರ್ 29ರ ಶುಕ್ರವಾರ, ಅಲಿಗಢ ಕಾಲೇಜಿನ ಮಸೀದಿಯಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಆರಂಭವಾಯಿತು. ಮಾಲ್ಟಾ ದ್ವೀಪದ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಮೌಲಾನಾ ಮಹಮೂದ್ ಹಸನ್ ಸಾಹೇಬರು ಕಾಯಿಲೆಯಲ್ಲೇ ಬಂದು ಅದನ್ನು ಉದ್ಘಾಟಿಸಿದರು. ಒಂದು ತಿಂಗಳಿಗೆ ಅವರು ನಿಧನರಾದರು. ಮೊದಲ ತರಗತಿಗಳು ನಡೆದದ್ದು ಡೇರೆಗಳಲ್ಲಿ, ಬಾಡಿಗೆ ಮನೆಗಳಲ್ಲಿ. ಅಲ್ಲಿನ ಪದವಿಗೆ ಬ್ರಿಟಿಷ್ ಸರ್ಕಾರದ ಮನ್ನಣೆ ಇರಲಿಲ್ಲ, ಸರ್ಕಾರಿ ನೌಕರಿಗೆ ಅದು ಕಾಗದದ ತುಂಡು. ಹಾಗಾದರೆ ಇದ್ದದ್ದೇನು? ಮಾತೃಭಾಷೆಯಲ್ಲಿ ಪಾಠವಿತ್ತು. ದೀನಿನ ಅರಿವೂ ದೇಶದ ಅರಿವೂ ಒಟ್ಟಿಗೆ ಸಿಗುತ್ತಿತ್ತು. ಗುರು ಶಿಷ್ಯರು ಒಂದೇ ದಸ್ತರಖಾನಿನ ಮೇಲೆ ಕೂರುವಷ್ಟು ಹತ್ತಿರವಿದ್ದರು.

ಓದುಗರೇ, ನಿಮ್ಮ ಸ್ಥಿತಿಗೂ ಅವರ ಸ್ಥಿತಿಗೂ ಇಲ್ಲೊಂದು ವ್ಯತ್ಯಾಸವಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಚಿಕ್ಕ ಕಾಲೇಜನ್ನು ಆರಿಸಿಕೊಂಡದ್ದಕ್ಕೆ ಜಾಕಿರರು ಮನ್ನಣೆಯಿರುವ ಪದವಿಯನ್ನೇ ಬೆಲೆಯಾಗಿ ತೆರಬೇಕಾಯಿತು. ನೀವು ತೆರಬೇಕಾಗಿಲ್ಲ. ನಮ್ಮ ಭಾಗದ ಸಂಯೋಜಿತ ಕಾಲೇಜು ಚಿಕ್ಕದಿರಲಿ ದೊಡ್ಡದಿರಲಿ, 2010ರಲ್ಲಿ ಸ್ಥಾಪನೆಯಾದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವೇ ಅದರ ಪದವಿ ಕೊಡುತ್ತದೆ. ಬಿ.ಇಡಿ.ಗೂ, ಕೆ.ಎ.ಎಸ್. ಪರೀಕ್ಷೆಗೂ, ಪಿ.ಡಿ.ಓ. ಹುದ್ದೆಗೂ ಆ ಪದವಿ ನಡೆಯುತ್ತದೆ. ಆದ್ದರಿಂದ ಕಟ್ಟಡದ ಎತ್ತರ ನೋಡುವ ಬದಲು ಒಳಗೆ ಹೋಗಿ ವಿಚಾರಿಸಿ. ನೀವು ಬಯಸುವ ವಿಷಯಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ, ಅತಿಥಿ ಉಪನ್ಯಾಸಕರು ಬರುವವರೆಗೆ ಅರ್ಧ ವರ್ಷ ಕಳೆದುಹೋಗುತ್ತದೆಯೇ, ಉರ್ದು ಐಚ್ಛಿಕವಾಗಿ ಸಿಗುತ್ತದೆಯೇ, ಗ್ರಂಥಾಲಯದ ಪುಸ್ತಕ ಮನೆಗೆ ಕೊಡುತ್ತಾರೆಯೇ, ಕಳೆದ ವರ್ಷ ಓದಿದವರು ಈಗ ಏನು ಮಾಡುತ್ತಿದ್ದಾರೆ? ಕೊನೆಯ ಪ್ರಶ್ನೆಗೆ ಕಾಲೇಜಿನವರಿಗಿಂತ ಆ ಹುಡುಗರೇ ಸರಿಯಾದ ಉತ್ತರ ಕೊಡುತ್ತಾರೆ. ಮೇಷ್ಟರೇ ಇಲ್ಲದ ಕಾಲೇಜು ಚಿಕ್ಕದಾಗಿದ್ದರೂ ಪ್ರಯೋಜನವಿಲ್ಲ.

ಚಿಕ್ಕದೇ ಒಳ್ಳೆಯದೆಂದು ಜಾಕಿರರೂ ಹಟ ಹಿಡಿದವರಲ್ಲ. 1922ರಲ್ಲಿ ಅವರು ಜರ್ಮನಿಗೆ ಹೋಗಿ ಬರ್ಲಿನ್ನಿನ ದೊಡ್ಡ ವಿಶ್ವವಿದ್ಯಾಲಯ ಸೇರಿದರು. ಹೆಸರಾಂತ ಅರ್ಥಶಾಸ್ತ್ರಜ್ಞ ವರ್ನರ್ ಸೊಂಬಾರ್ಟರ ಕೈಕೆಳಗೆ, ಬ್ರಿಟಿಷ್ ಭಾರತದ ಕೃಷಿ ವ್ಯವಸ್ಥೆಯ ಬಗ್ಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಆಳವಾದ ಸಂಶೋಧನೆಗೆ ಬೇಕಾದ ಗ್ರಂಥಭಂಡಾರ ಜಾಮಿಯಾದ ಡೇರೆಯಲ್ಲಿ ಎಲ್ಲಿಂದ ಬರಬೇಕು? ಯಾವ ಹಂತದ ಓದಿಗೆ ಎಂಥ ಜಾಗ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಬರ್ಲಿನ್ನಿನಲ್ಲಿದ್ದಾಗಲೇ ಮಿರ್ಜಾ ಗಾಲಿಬರ ದೀವಾನನ್ನು ಅಂದವಾಗಿ ಮುದ್ರಿಸಿದರು, ಅದಕ್ಕೆ ಕೆಲವು ಪುಟಗಳ ಮೊಳೆಯನ್ನು ತಾವೇ ಜೋಡಿಸಿದರು. ಅರ್ಥಶಾಸ್ತ್ರದ ವಿದ್ಯಾರ್ಥಿ ಮುದ್ರಣಾಲಯದಲ್ಲಿ ಕೈ ಕಪ್ಪು ಮಾಡಿಕೊಂಡ ಸಂಗತಿ ಉರ್ದು ಮೇಷ್ಟರಾದ ನಮಗೆ ಬಹಳ ಪ್ರಿಯವಾದದ್ದು.

ಇತ್ತ ಜಾಮಿಯಾಕ್ಕೆ ಕಷ್ಟಕಾಲ. 1924ರಲ್ಲಿ ಟರ್ಕಿಯಲ್ಲೇ ಖಿಲಾಫತ್ ರದ್ದಾಯಿತು, ಇಲ್ಲಿ ಚಳವಳಿ ಕುಸಿಯಿತು, ಬರುತ್ತಿದ್ದ ಹಣ ನಿಂತಿತು. ಸಂಸ್ಥೆ ಮುಚ್ಚುವುದೇ ಲೇಸೆಂಬ ಮಾತು ಹಿರಿಯರಲ್ಲೇ ಬಂತು. ಭಿಕ್ಷೆ ಎತ್ತಿಯಾದರೂ ನಡೆಸೋಣವೆಂದು ಗಾಂಧೀಜಿ ಧೈರ್ಯ ತುಂಬಿದರು. 1925ರಲ್ಲಿ ಅಲಿಗಢದಿಂದ ದೆಹಲಿಯ ಕರೋಲ್ ಬಾಗ್‌ಗೆ ಅದನ್ನು ಸಾಗಿಸಲಾಯಿತು. ಸುದ್ದಿ ಬರ್ಲಿನ್ನಿಗೆ ಮುಟ್ಟಿದಾಗ ಜಾಕಿರ್, ಆಬಿದ್ ಹುಸೇನ್ ಮತ್ತು ಮುಹಮ್ಮದ್ ಮುಜೀಬ್ ಎಂಬ ಮೂವರು ಗೆಳೆಯರು, ತಾವು ಜೀವನವನ್ನೇ ಕೊಡಲು ಸಿದ್ಧ, ಬರುವ ತನಕ ಮುಚ್ಚಬೇಡಿರೆಂದು ತಿಳಿಸಿದರು. 1926ರ ಆರಂಭದಲ್ಲಿ ಮೂವರೂ ಬಂದರು. ಇಪ್ಪತ್ತೊಂಬತ್ತರ ಜಾಕಿರ್ ಜಾಮಿಯಾದ ಕುಲಪತಿಯಾದರು. ಹೆಸರಿಗೆ ಕುಲಪತಿ, ಕೆಲಸದಲ್ಲಿ ಗುಮಾಸ್ತ, ಚಂದಾ ಎತ್ತುವವ, ಮೇಷ್ಟರು, ಎಲ್ಲವೂ ಅವರೇ.

1927ರ ಡಿಸೆಂಬರಿನಲ್ಲಿ ಹಕೀಮ್ ಅಜ್ಮಲ್ ಖಾನರು ತೀರಿಕೊಂಡಾಗ ಸಂಸ್ಥೆಯ ಮುಖ್ಯ ಆಸರೆಯೇ ಕಳಚಿತು. ಮೈತುಂಬ ಸಾಲ. ಆಗ ಅಧ್ಯಾಪಕರ ಒಂದು ಗುಂಪು ಸೇರಿ ಪ್ರತಿಜ್ಞೆ ಮಾಡಿತು: 20 ವರ್ಷ ಇಲ್ಲೇ ಸೇವೆ, ತಿಂಗಳಿಗೆ 150 ರೂಪಾಯಿಗೆ ಮೀರದ ಸಂಬಳ. ಜಾಕಿರ್ ಸಾಹೇಬರು ತಾವು ತೆಗೆದುಕೊಂಡದ್ದು ನೂರಕ್ಕೂ ಕಡಿಮೆ. ಅದೂ ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಬರ್ಲಿನ್ ಡಾಕ್ಟರೇಟ್ ಇದ್ದವರಿಗೆ ಆಗ ಬೇರೆಡೆ ಎಂಥ ಹುದ್ದೆ ಸಿಗುತ್ತಿತ್ತೆಂದು ಊಹಿಸಿ. ಈ ಕಷ್ಟದಲ್ಲಿ ಪಾಲುದಾರರಾದ ಪತ್ನಿ ಶಾಹಜಹಾನ್ ಬೇಗಂ ಅವರ ಹೆಸರನ್ನು ಬರೆಯುವವರು ಮರೆಯುತ್ತಾರೆ. ಅಷ್ಟು ಸಂಬಳದಲ್ಲಿ ಸಂಸಾರ ತೂಗಿಸಿದವರು ಅವರು.

ಈ ವರ್ಷಗಳ ಎರಡು ಸಂಗತಿಗಳನ್ನು ಹೇಳಲೇಬೇಕು. ಹುಡುಗರು ಕೊಳೆಯಾದ ಬೂಟು ಹಾಕಿಕೊಂಡು ಬರುತ್ತಿದ್ದರು, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಒಂದು ದಿನ ಕುಲಪತಿಯೇ ಪಾಲಿಶ್ ಡಬ್ಬಿ, ಬ್ರಷ್ಷು ಹಿಡಿದು ಬಾಗಿಲಲ್ಲಿ ಕುಳಿತರಂತೆ. ಮರುದಿನದಿಂದ ಒಂದು ಬೂಟೂ ಕೊಳೆಯಾಗಿರಲಿಲ್ಲವಂತೆ. ಇನ್ನೊಂದನ್ನು ಬರೆಯುವಾಗ ಕೈ ತಡೆಯುತ್ತದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಫಲಿತಾಂಶದ ದಿನ ಮಿಠಾಯಿ ಹಂಚುತ್ತಿದ್ದಾಗ, ಪುಟ್ಟ ಮಗಳು ರೆಹಾನಾಳಿಗೆ ತೀರಾ ಕಾಯಿಲೆ ಹೆಚ್ಚಾಗಿದೆಯೆಂದು ಜವಾನ ಬಂದು ಕಿವಿಯಲ್ಲಿ ಹೇಳಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದು, ಮಗು ತೀರಿಕೊಂಡಿತೆಂದ. ಅವರ ಮುಖ ಬಿಳಿಚಿತು, ಆದರೆ ಹಂಚುವುದನ್ನು ನಿಲ್ಲಿಸಲಿಲ್ಲ. ಅಷ್ಟು ಮಕ್ಕಳ ಸಂತೋಷವನ್ನು ನಡುವೆ ಕೆಡಿಸಲು ಅವರಿಗೆ ಮನಸ್ಸಾಗಲಿಲ್ಲ ಎಂದು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಅವರು ಬರೆದ ಮಕ್ಕಳ ಕತೆಗಳು ರುಕಯ್ಯಾ ರೆಹಾನಾ ಎಂಬ ಹೆಸರಿನಲ್ಲಿ ಪ್ರಕಟವಾದವು. ಅವುಗಳಲ್ಲಿ ಅಬ್ಬು ಖಾನ್ ಕೀ ಬಕ್ರಿ ಎಂಬುದನ್ನು ಉರ್ದು ಓದುವ ಮಕ್ಕಳು ಇಂದಿಗೂ ಇಷ್ಟಪಡುತ್ತಾರೆ. ಹೊಟ್ಟೆ ತುಂಬ ಮೇವಿದ್ದ ಕೊಟ್ಟಿಗೆ ಬಿಟ್ಟು, ತೋಳವಿದ್ದ ಬೆಟ್ಟಕ್ಕೆ ಓಡಿದ ಚಾಂದನಿ ಎಂಬ ಮೇಕೆಯ ಕತೆ ಅದು. ಮುಂದೇನಾಯಿತೆಂದು ನಾನು ಹೇಳುವುದಿಲ್ಲ, ಮಕ್ಕಳಿಂದ ಓದಿಸಿ ಕೇಳಿ.

1935ರ ಮಾರ್ಚ್ 1ರಂದು ದೆಹಲಿಯ ಓಖ್ಲಾದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಹಾಕಲಾಯಿತು. ಹಾಕಿದವರು ಮಂತ್ರಿಯಲ್ಲ, ನವಾಬರೂ ಅಲ್ಲ. ಶಾಲೆಯ ಅತ್ಯಂತ ಚಿಕ್ಕ ವಿದ್ಯಾರ್ಥಿಯ ಕೈಯಿಂದ ಹಾಕಿಸಿದರು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕರೆದ ಶಿಕ್ಷಣ ಸಮ್ಮೇಳನದ ಸಮಿತಿಗೆ ಜಾಕಿರರೇ ಅಧ್ಯಕ್ಷರು. ಬಿ.ಇಡಿ. ಓದಿದವರೆಲ್ಲ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಮೂಲಶಿಕ್ಷಣ, ಅಂದರೆ ನಯೀ ತಾಲೀಮ್, ಅಲ್ಲಿಂದ ಬಂದದ್ದು. ಏಳು ವರ್ಷದ ಕಡ್ಡಾಯ ಉಚಿತ ಶಿಕ್ಷಣ, ಮಾತೃಭಾಷೆಯಲ್ಲಿ ಬೋಧನೆ, ಕೈಕಸುಬಿನ ಮೂಲಕ ಕಲಿಕೆ ಅದರ ತಿರುಳು. ನೂಲುವುದನ್ನೇ ಪಾಠವಾಗಿಸಿದ್ದಾರೆಂದು ಟೀಕಿಸಿದವರೂ ಇದ್ದರು, ಮುಸ್ಲಿಂ ಲೀಗ್ ಬಲವಾಗಿಯೇ ವಿರೋಧಿಸಿತು.

1946ರ ನವೆಂಬರಿನಲ್ಲಿ ಜಾಮಿಯಾದ ರಜತ ಮಹೋತ್ಸವ ನಡೆದಾಗ ದೇಶ ಕೋಮುಗಲಭೆಯಲ್ಲಿ ಉರಿಯುತ್ತಿತ್ತು. ಒಂದೇ ವೇದಿಕೆಗೆ ಬರದಿದ್ದ ನೆಹರೂ, ಆಜಾದ್, ಜಿನ್ನಾ, ಲಿಯಾಕತ್ ಅಲಿ ಎಲ್ಲರನ್ನೂ ಈ ಬಡ ಸಂಸ್ಥೆ ಒಂದೇ ವೇದಿಕೆಯಲ್ಲಿ ಕೂರಿಸಿತು. ಮರುವರ್ಷ ಆಗಸ್ಟಿನಲ್ಲಿ ಜಲಂಧರ್ ರೈಲು ನಿಲ್ದಾಣದಲ್ಲಿ ಜಾಕಿರರು ಸಾವಿನ ಬಾಯಿಂದ ಪಾರಾದರು, ಕಾಪಾಡಿದವರು ಒಬ್ಬ ಸಿಖ್ ಸೇನಾಧಿಕಾರಿ ಮತ್ತು ಒಬ್ಬ ಹಿಂದೂ ರೈಲ್ವೆ ಅಧಿಕಾರಿ.

1948ರಲ್ಲಿ ಅವರು ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದ ಕುಲಪತಿಯಾದರು. ತಾವೇ ತೊರೆದು ಬಂದಿದ್ದ ಜಾಗಕ್ಕೆ 28 ವರ್ಷಗಳ ನಂತರ ಮರಳಿದರು. ವಿಭಜನೆಯ ಪೆಟ್ಟಿನಿಂದ ಆ ದೊಡ್ಡ ಸಂಸ್ಥೆ ತತ್ತರಿಸುತ್ತಿತ್ತು, ಅದನ್ನು ಎತ್ತಿ ನಿಲ್ಲಿಸಲು ಬೇಕಾದದ್ದು ಚಿಕ್ಕ ಸಂಸ್ಥೆಯಲ್ಲಿ ಪಳಗಿದ ಕೈ. 1956ರವರೆಗೆ ಅಲ್ಲಿದ್ದರು. 1957ರಲ್ಲಿ ಬಿಹಾರದ ರಾಜ್ಯಪಾಲರು, 1962ರಲ್ಲಿ ಉಪರಾಷ್ಟ್ರಪತಿ, 1963ರಲ್ಲಿ ಭಾರತರತ್ನ, 1967ರ ಮೇ 13ರಂದು ರಾಷ್ಟ್ರಪತಿ. ಈ ಹುದ್ದೆಗಳ ಕತೆ ಶಾಲಾ ಪುಸ್ತಕಗಳಲ್ಲಿ ಸಿಗುವುದರಿಂದ ಬೆಳೆಸುವುದಿಲ್ಲ.

ಅವರು ಉಪರಾಷ್ಟ್ರಪತಿಯಾದ 1962ರಲ್ಲೇ ಜಾಮಿಯಾಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 1988ರಲ್ಲಿ ಸಂಸತ್ತಿನ ಕಾಯಿದೆಯಿಂದ ಅದು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ನೋಡಲು ಅವರಿರಲಿಲ್ಲ. 1969ರ ಮೇ 3ರಂದು, ಅಧಿಕಾರದಲ್ಲಿದ್ದಾಗಲೇ, ರಾಷ್ಟ್ರಪತಿ ಭವನದಲ್ಲಿ ಇಂತಿಕಾಲ್ ಆದರು. ಅವರ ದಫನ್ ಆದದ್ದು ಓಖ್ಲಾದ ಜಾಮಿಯಾ ಆವರಣದಲ್ಲಿ.