ಸವಣೂರು ಸೀಮೆಯ ಸವಾರ ಧೋಂಡಿಯಾ ವಾಘ್

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಇಂದು ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ಯಾರದೆಂಬ ಪ್ರಶ್ನೆಗೆ ಉತ್ತರ ಆಗಾಗ ಬದಲಾಗುತ್ತಿತ್ತು. ಸವಣೂರಿನ ನವಾಬರು, ಪುಣೆಯ ಪೇಶ್ವೆಗಳು, ಹೈದರ್, ಟಿಪ್ಪು ಎಲ್ಲರೂ ಇದರ ಮೇಲೆ ಹಕ್ಕು ಸಾಧಿಸಿದವರೇ. ಇಂಥ ನೆಲದಲ್ಲಿ ಸ್ವಂತ ಕುದುರೆ, ಸ್ವಂತ ಕತ್ತಿಯುಳ್ಳ ಸಿಲೇದಾರ ಸವಾರನಿಗೆ ಬೇಡಿಕೆಯಿತ್ತು. ಅವನ ಕುದುರೆಗೆ ಮೇವು ಒದಗಿಸುವ ಹೊರೆ ಮಾತ್ರ ರೈತನದು.

ಚನ್ನಗಿರಿಯ ಮರಾಠಾ ಕುಟುಂಬದಲ್ಲಿ ಹುಟ್ಟಿದ ಧೋಂಡಿಯಾ ವಾಘ್ ಇಂಥ ಸವಾರರಲ್ಲೊಬ್ಬ. ಹೈದರನ ಕುದುರೆ ದಳದಲ್ಲಿದ್ದ ಆತ ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಕೆಲವು ಸಂಗಡಿಗರೊಂದಿಗೆ ಹೊರಬಿದ್ದು ಲಕ್ಷ್ಮೇಶ್ವರದ ಕಡೆ ನೆಲೆನಿಂತ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಭಾಗ ಮರಾಠರ ಪಾಲಾಗಿತ್ತು. ಮರುವರ್ಷ ಹಾವೇರಿ, ಸವಣೂರುಗಳು ಧೋಂಡಿಯನ ಕೈವಶವಾದವು. ಆದರೆ ಧೋಂಡೋಪಂತ ಗೋಖಲೆಯ ಸೈನ್ಯ ಆತನನ್ನು ಅಲ್ಲಿಂದ ಓಡಿಸಿತು. ಟಿಪ್ಪುವಿನ ಬಳಿ ಆಶ್ರಯ ಬೇಡಿ ಹೋದವನಿಗೆ ಮೊದಲು ಸಿಕ್ಕಿದ್ದು ಮತಾಂತರ ಮತ್ತು ಹೊಸ ಹೆಸರು; ಬಳಿಕ ಸೆರೆಮನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯ ಬಾಗಿಲು ತೆರೆಯಿತು. ಹೊರಗೆ ಟಿಪ್ಪುವಿನ ಸಾವಿರಾರು ಸವಾರರು ಸಂಬಳವಿಲ್ಲದೆ ನಿಂತಿದ್ದರು. ಧೋಂಡಿಯನ ಸೈನ್ಯ ಅಷ್ಟು ಬೇಗ ಬೆಳೆದದ್ದಕ್ಕೆ ಆತನ ಸಾಹಸಕ್ಕಿಂತ ಈ ನಿರುದ್ಯೋಗವೇ ಮುಖ್ಯ ಕಾರಣವೆಂದು ತೋರುತ್ತದೆ. ಶಿಕಾರಿಪುರದಲ್ಲಿ ಸೋತು ಮರಾಠಾ ಸೀಮೆಗೆ ದಾಟಿದ ಆತ ಮರುವರ್ಷ ಮತ್ತಷ್ಟು ಬಲದೊಡನೆ ಮರಳಿದ. ಉಭಯ ಲೋಕಾಧೀಶ್ವರನೆಂಬ ಬಿರುದನ್ನೂ ಧರಿಸಿದ. 1800ರ ಜೂನ್ 30ರಂದು ಕಿತ್ತೂರಿನ ಸಮೀಪ ಹಳೆಯ ವೈರಿ ಗೋಖಲೆಯನ್ನು ಕೊಂದ. ಅವನ ನೆತ್ತರಿನಿಂದ ಮೀಸೆಗೆ ಬಣ್ಣ ಹಚ್ಚಿಕೊಂಡನೆಂಬ ಕಥೆಯೂ ಹುಟ್ಟಿಕೊಂಡಿತು.

ಆ ಹೊತ್ತಿಗೆ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು, ತುಂಗಭದ್ರೆ ದಾಟಿ ಬಂದಿದ್ದ. ರಾಣೆಬೆನ್ನೂರನ್ನು ಹಿಡಿದು, ಮಳೆಗಾಲದ ವರದಾ ನದಿಯನ್ನು ದಾಟಿ ಜುಲೈ 12ರ ವೇಳೆಗೆ ಸವಣೂರು ಸೇರಿದ. ಕುಂದಗೋಳ, ಡಂಬಳ ಒಂದಾದ ಮೇಲೊಂದು ಬಿದ್ದವು. ಮಲಪ್ರಭೆಯ ದಡದ ಮನೋಳಿಯ ಬಳಿ ಧೋಂಡಿಯನ ಸಾಮಾನು ಸರಂಜಾಮು ಕೈತಪ್ಪಿತು. ಕೊನೆಯ ಕಾಳಗ ನಡೆದದ್ದು ಸೆಪ್ಟೆಂಬರ್ 10ರಂದು, ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ. ಸುಮಾರು ಐದು ಸಾವಿರ ಸವಾರರ ಎದುರು ವೆಲ್ಲೆಸ್ಲಿ ನಾಲ್ಕು ಲಘು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದ: ಬ್ರಿಟಿಷರ 19 ಮತ್ತು 25ನೆಯ ಡ್ರಗೂನ್ ದಳಗಳು, ಮದರಾಸಿನ 1 ಮತ್ತು 2ನೆಯ ದೇಶೀ ದಳಗಳು. ಧೋಂಡಿಯಾ ಅಲ್ಲಿ ಮಡಿದ. ಆ ಎರಡನೆಯ ದೇಶೀ ದಳವೇ ಇಂದು ಟ್ಯಾಂಕುಗಳನ್ನೇರಿರುವ ಭಾರತೀಯ ಸೇನೆಯ 16ನೆಯ ಲೈಟ್ ಕ್ಯಾವಲ್ರಿ.

ಮೈಸೂರಿನ ದಿವಾನ ಪೂರ್ಣಯ್ಯ ಇದರಿಂದ ಪಾಠ ಕಲಿತವರು. ಕೆಲಸವಿಲ್ಲದ ಸವಾರ ಇನ್ನೊಬ್ಬ ಧೋಂಡಿಯನ ಬೆನ್ನು ಹತ್ತುವುದಕ್ಕಿಂತ ದೊರೆಯ ಸಂಬಳದಲ್ಲಿರುವುದೇ ಲೇಸಲ್ಲವೇ? 1807ರ ಒಪ್ಪಂದದಂತೆ ಕಂಪನಿ ಕರೆದಾಗ ಹೊರಡಲು ನಾಲ್ಕು ಸಾವಿರ ಸವಾರರನ್ನು ಮೈಸೂರು ಸಿದ್ಧವಾಗಿರಿಸಬೇಕಾಯಿತು. ಒಂದು ರೀತಿಯಲ್ಲಿ ಇದೊಂದು ಕಾಯ್ದಿಟ್ಟ ಅಶ್ವಸೇನೆ. ಖರ್ಚು ಮೈಸೂರಿನದು, ಕರೆಯುವ ಅಧಿಕಾರ ಕಂಪನಿಯದು.

ಧೋಂಡಿಯನನ್ನು ಸ್ವಾತಂತ್ರ್ಯ ಹೋರಾಟಗಾರರ ಸಾಲಿನಲ್ಲಿ ನಿಲ್ಲಿಸುವವರಿದ್ದಾರೆ. ಬ್ರಿಟಿಷ್ ಬರಹಗಾರರಿಗೆ ಆತ ಬರಿಯ ದರೋಡೆಕೋರ. ಆತ ಕಂಪನಿಯೊಡನೆ ಕಾದಾಡಿದ್ದು ನಿಜ. ಹಾವೇರಿ, ಸವಣೂರುಗಳ ಮೇಲೆ ದಂಡೆತ್ತಿ ಬಂದಾಗ ಮಾತ್ರ ಅಲ್ಲಿ ಕಂಪನಿಯ ಒಬ್ಬ ಸಿಪಾಯಿಯೂ ಇರಲಿಲ್ಲ.

ಕೋಣಗಲ್ಲಿನ ಗೆಲುವಿನ ಬಳಿಕ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನ್ ವೆಲ್ಲೆಸ್ಲಿಯ ಕೈಗೆ ಸಿಕ್ಕಿದ. ವೆಲ್ಲೆಸ್ಲಿ ಬಾಲಕನನ್ನು ತನ್ನ ಬಿಡಾರದಲ್ಲೇ ಇರಿಸಿಕೊಂಡ. 1805ರಲ್ಲಿ ಭಾರತ ಬಿಡುವಾಗ ಅವನ ಪೋಷಣೆಗೆಂದು ಹಣ ಇಟ್ಟು ಹೋದ. ಬೆಳೆದ ಸಲಾಬತ್ ಮೈಸೂರು ಅರಸರ ಸೇವೆಗೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.