ನೆರಳಿನಲ್ಲಿ ನಿಜವನ್ನು ತೋರಿಸಿದ ರಾಂಟ್‌ಜೆನ್

ವಸ್ತುವೇ ಸತ್ಯ, ನೆರಳು ಮಿಥ್ಯೆ ಎಂಬುದು ಲೋಕದ ನಂಬುಗೆ. ಆದರೆ ನೆರಳನ್ನೇ ಓದಿ ದೇಹದೊಳಗಣ ನಿಜವನ್ನರಿಯುವ ಮಾರ್ಗವನ್ನು ಮಾನವಕುಲಕ್ಕೆ ತೆರೆದಿತ್ತ ಮಹನೀಯನು ಜರ್ಮನಿಯ ವಿಜ್ಞಾನಿ ವಿಲ್ಹೆಲ್ಮ್ ಕಾನ್ರಾಡ್ ರಾಂಟ್‌ಜೆನ್.

1845ರ ಮಾರ್ಚ್ 27ರಂದು ಲೆನ್ನೆಪ್ ಎಂಬ ಊರಿನಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬನ ಏಕಮಾತ್ರ ಪುತ್ರನಾಗಿ ಜನಿಸಿದ ಈತನು ಬಾಲ್ಯವನ್ನು ಕಳೆದುದು ತಾಯಿಯ ನಾಡಾದ ಹಾಲೆಂಡಿನಲ್ಲಿ. ಯುಟ್ರೆಕ್ಟ್ ನಗರದ ಶಾಲೆಯಲ್ಲಿ ಸಹಪಾಠಿಯೊಬ್ಬನು ಅಧ್ಯಾಪಕರ ವ್ಯಂಗ್ಯಚಿತ್ರವನ್ನು ಬರೆದಾಗ, ಅವನ ಹೆಸರನ್ನು ಹೇಳಲೊಪ್ಪದೆ ತಾನೇ ಶಾಲೆಯಿಂದ ಹೊರಬಿದ್ದನು. ಪ್ರಮಾಣಪತ್ರವಿಲ್ಲದ ಈ ತರುಣನನ್ನು 1865ರಲ್ಲಿ ಜ್ಯೂರಿಕ್‌ನ ತಾಂತ್ರಿಕ ವಿದ್ಯಾಲಯವು ಬರಮಾಡಿಕೊಂಡಿತು. 1869ರಲ್ಲಿ ಆತನು ಡಾಕ್ಟರೇಟ್ ಪದವಿಗೆ ಭಾಜನನಾದನು.

1895ರ ನವೆಂಬರ್ 8ರ ಸಂಜೆ, ವುರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕತ್ತಲೆಯ ಪ್ರಯೋಗಶಾಲೆಯಲ್ಲಿ ಕಪ್ಪು ಕಾಗದದಿಂದ ಮುಚ್ಚಿದ್ದ ವಿದ್ಯುತ್ ನಳಿಗೆಯ ಸಮೀಪದಲ್ಲಿದ್ದ ಪರದೆಯೊಂದು ತಾನಾಗಿ ಬೆಳಗಿತು. ಸ್ವರೂಪವರಿಯದ ಆ ಕಿರಣಕ್ಕೆ ಆತನು ಕ್ಷ-ಕಿರಣವೆಂದು ಹೆಸರಿಟ್ಟನು. ಡಿಸೆಂಬರ್ 22ರಂದು ಪತ್ನಿ ಬರ್ತಾಳ ಕೈಯೆಲುಬುಗಳೂ ಬೆರಳಿನ ಉಂಗುರವೂ ಚಿತ್ರದಲ್ಲಿ ಮೂಡಿದವು. 1901ರಲ್ಲಿ ಭೌತಶಾಸ್ತ್ರದ ಪ್ರಥಮ ನೊಬೆಲ್ ಪಾರಿತೋಷಕವು ಆತನಿಗೆ ಸಂದಿತು. ಪಾರಿತೋಷಕದ ಹಣವನ್ನು ವಿಶ್ವವಿದ್ಯಾಲಯಕ್ಕೆ ಅರ್ಪಿಸಿದನು. ಶೋಧಕ್ಕೆ ಪೇಟೆಂಟನ್ನು ಪಡೆಯಲೇ ಇಲ್ಲ. 1923ರ ಫೆಬ್ರವರಿ 10ರಂದು ಕರುಳಿನ ಅರ್ಬುದದಿಂದಲೇ ಆತನು ತೀರಿಕೊಂಡನು.

ಯಾವ ವ್ಯಾಧಿಯು ಆತನನ್ನು ಕೊಂಡೊಯ್ದಿತೋ ಅದೇ ವ್ಯಾಧಿಯನ್ನು ಎಳೆಯ ಮಕ್ಕಳ ಮೈಯಲ್ಲಿ ಹುಡುಕಲು ಆತನ ಕಿರಣವು ಇಂದು ನೆರವಾಗುತ್ತಿದೆ. ಮಗುವಿನ ಎಲುಬಿನ ಗಡ್ಡೆಯ ಅಂಚು ತಿದ್ದಿದ ಗೆರೆಯಂತೆ ಸ್ಪಷ್ಟವಾಗಿದ್ದರೆ ಅದು ಬಹುಮಟ್ಟಿಗೆ ನಿರಪಾಯಕರವಾದುದು; ಅಂಚು ಮಸುಕಾಗಿ, ಗೆದ್ದಲು ತಿಂದ ತೊಲೆಯಂತೆ ಎಲುಬು ಸವೆದಿದ್ದರೆ ಮಾರಕವೆಂಬ ಶಂಕೆ ಬಲಿಯುತ್ತದೆ. ಎಲುಬಿನ ಸೋಂಕೂ ಒಮ್ಮೊಮ್ಮೆ ಇದೇ ವೇಷವನ್ನು ತಾಳುವುದುಂಟು. ಹೊಟ್ಟೆಯ ಗಡ್ಡೆಗೆ ವೈದ್ಯರು ಮೊದಲು ಬಳಸುವುದು ಕ್ಷ-ಕಿರಣವಿಲ್ಲದ ಶ್ರವಣಾತೀತ ಧ್ವನಿಯ ಪರೀಕ್ಷೆಯನ್ನು. ಗಡ್ಡೆಯು ನೀರು ತುಂಬಿದ ಚೀಲವೋ, ಗಟ್ಟಿಯಾದ ಮಾಂಸವೋ ಎಂಬುದನ್ನು ಅದು ತಿಳಿಸುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಪರೀಕ್ಷಿಸಿದ ಸಿ.ಟಿ. ಯಂತ್ರವೂ ರಾಂಟ್‌ಜೆನ್ನನ ಕಿರಣದ ಸಂತಾನವೇ. ಆದರೆ ಚಿತ್ರವು ಕೊಡುವುದು ಸುಳಿವನ್ನು. ಸಾಮಾನ್ಯವಾಗಿ ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಕೊನೆಯ ನಿರ್ಣಯ.

ನಮ್ಮ ದೇವರ ಹಿಪ್ಪರಗಿಯ ಸೀಮೆಯಲ್ಲಿ ತಾಯಿಯೊಬ್ಬಳು ಕೂಸಿಗೆ ಎರೆಯುವಾಗ ಹೊಟ್ಟೆಯಲ್ಲಿ ಗಂಟೊಂದು ಕೈಗೆ ತಗುಲಿತೆನ್ನೋಣ. ಮೂತ್ರಪಿಂಡದ ವಿಲ್ಮ್ಸ್ ಗಡ್ಡೆಯು ಎಷ್ಟೋ ವೇಳೆ ಹೀಗೆಯೇ ಪತ್ತೆಯಾಗುತ್ತದೆ; ಸಕಾಲದಲ್ಲಿ ಚಿಕಿತ್ಸೆಯಾದರೆ ಬಹುತೇಕ ಮಕ್ಕಳು ಗುಣವಾಗುವರು. ಆ ಗಂಟನ್ನು ಒತ್ತಿ ತಿಕ್ಕದೆ, ಲೇಪ ತಾಯಿತಗಳಲ್ಲಿ ದಿನಗಳನ್ನು ಕಳೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ವಿಜಯಪುರದಲ್ಲಿ 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು ತಲೆಯೆತ್ತಿತು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯು ಅರ್ಬುದ ಚಿಕಿತ್ಸೆಗೆಂದೇ ನಿಂತಿದೆ. ಎಲ್ಲ ಗಂಟೂ ಮಾರಕವಲ್ಲ. ಆದರೆ ಯಾವ ಗಂಟೂ ಉಪೇಕ್ಷೆಗೆ ಅರ್ಹವಲ್ಲ. ಈ ಮಾತನ್ನು ಮನೆಮನೆಗೆ ಮುಟ್ಟಿಸುವ ಹೊಣೆ ಶಾಲೆಯ ಗುರುಗಳದೂ ಅಹುದು.

ಶಾಲೆಯೊಂದು ಹೊರಗೆ ಕಳುಹಿದ ಬಾಲಕನು ಕಂಡುಕೊಂಡ ಬೆಳಕನ್ನು ಬೆಲೆಕಟ್ಟದೆ ಲೋಕಕ್ಕೆ ಧಾರೆಯೆರೆದನು. ವಿದ್ಯಾದಾನಕ್ಕೆ ಕೈನೀಡುವ ದಾನಿಗಳಿಗೂ ಬೋಧಿಸುವ ಗುರುಗಳಿಗೂ ರಾಂಟ್‌ಜೆನ್ನನ ಬಾಳು ದಾರಿದೀಪವಾಗಲಿ.