ಬ್ರಹ್ಮಾನಂದ ಕೇಶವಚಂದ್ರ ಸೇನರು

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಸಲಿಂಗ ವಿವಾಹದ ವಿಷಯ ಬಂದಾಗ, ವಿವಾಹವು ಧರ್ಮಕ್ಕೆ ಸೇರಿದುದು, ಸರ್ಕಾರಕ್ಕೆ ಅದರಲ್ಲಿ ಕೆಲಸವಿಲ್ಲವೆಂದು ವಾದಿಸಿದವರಲ್ಲಿ ನಾನೂ ಒಬ್ಬ. ಅಂಥ ವಿವಾಹಕ್ಕೆ ತಾನು ಮಾನ್ಯತೆ ಕೊಡಲಾಗದೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು ಕೊಟ್ಟ ತೀರ್ಪೇ ನನ್ನ ಕೈಯಲ್ಲಿದ್ದ ಅಸ್ತ್ರ. ಅರ್ಜಿದಾರರು ಹಿಡಿದಿದ್ದ 1954ರ ವಿಶೇಷ ವಿವಾಹ ಕಾಯಿದೆಯು ಎಲ್ಲಿಂದ ಬಂದಿತೆಂದು ಸಭಿಕರೊಬ್ಬರು ಕೇಳಿದರು. ನನಗೆ ತಿಳಿದಿರಲಿಲ್ಲ. ಮರುದಿನ ಲೈಬ್ರರಿಯಲ್ಲಿ ಹುಡುಕಿದಾಗ ಆ ಕಾಯಿದೆಯ ಬೇರಿನಲ್ಲಿ ಕಂಡವರು ನ್ಯಾಯಶಾಸ್ತ್ರದ ಪಂಡಿತರಲ್ಲ, ಪ್ರಾರ್ಥನೆಯೇ ಬದುಕೆಂದು ನಂಬಿದ ಒಬ್ಬ ಭಕ್ತರು.

ಕೇಶವಚಂದ್ರರು 1838ರ ನವೆಂಬರ್ 19ರಂದು ಕಲ್ಕತ್ತೆಯ ಸಿರಿವಂತ ವೈಷ್ಣವ ಮನೆತನದಲ್ಲಿ ಜನಿಸಿದರು. 1857ರಲ್ಲಿ ಬ್ರಹ್ಮಸಮಾಜವನ್ನು ಸೇರಿದರು. 1862ರಲ್ಲಿ ಮಹರ್ಷಿ ದೇವೇಂದ್ರನಾಥ ಠಾಕೂರರು ಅವರನ್ನು ಆಚಾರ್ಯಪೀಠಕ್ಕೇರಿಸಿ ಬ್ರಹ್ಮಾನಂದರೆಂಬ ಬಿರುದಿತ್ತರು. ಜನಿವಾರ ತೊಟ್ಟವರು ವೇದಿಕೆಯನ್ನೇರಬಹುದೆ, ಜಾತಿ ಮೀರಿ ಮದುವೆಯಾಗಬಹುದೆ ಎಂಬ ವಿವಾದದಲ್ಲಿ ಗುರುಶಿಷ್ಯರು ಅಗಲಿದರು. 1866ರಲ್ಲಿ ಕೇಶವರು ಬೇರೆ ಸಮಾಜವನ್ನೇ ಕಟ್ಟಿದರು.

ಬ್ರಾಹ್ಮರ ಮದುವೆಯಲ್ಲಿ ವಿಗ್ರಹವಿಲ್ಲ, ಹೋಮವಿಲ್ಲ. 1868ರಲ್ಲಿ ಸರ್ಕಾರದ ಅಡ್ವೊಕೇಟ್ ಜನರಲ್ ಅಂಥ ಮದುವೆ ಕಾನೂನಿನ ಕಣ್ಣಿನಲ್ಲಿ ಮದುವೆಯೇ ಅಲ್ಲವೆಂದು ಅಭಿಪ್ರಾಯವಿತ್ತರು. ದೇವರೆದುರು ಕೈಹಿಡಿದವಳಿಗೆ ಹೆಂಡತಿಯ ಹಕ್ಕಿಲ್ಲ, ಹುಟ್ಟಿದ ಮಕ್ಕಳ ವಾರಸುದಾರಿಕೆಗೆ ಭದ್ರತೆಯಿಲ್ಲ! ಧರ್ಮಕ್ಕಾಗಿ ಬಾಳಿದವರು ಕಾನೂನಿನ ಬಾಗಿಲು ತಟ್ಟಿದ್ದು ಹೀಗೆ. ಎಲ್ಲ ಮತದವರಿಗೂ ಅನ್ವಯಿಸುವ ಮಸೂದೆಯನ್ನು ಹೆನ್ರಿ ಮೇನ್ ತಂದಾಗ ದೇಶದಲ್ಲೆಲ್ಲ ವಿರೋಧವೆದ್ದಿತು. ಬ್ರಾಹ್ಮರಿಗಷ್ಟೇ ಎಂದಾಗ ದೇವೇಂದ್ರನಾಥರ ಆದಿ ಸಮಾಜದವರೇ, ತಾವೂ ಹಿಂದೂಗಳೆಂದು ಹೇಳಿ ತಡೆದರು. ಕೊನೆಗೆ 1872ರ 3ನೆಯ ಶಾಸನ ಬಂದಿತು. ಅದರಡಿ ಮದುವೆಯಾಗುವವರು ತಾವು ಹಿಂದೂ, ಮುಸಲ್ಮಾನ, ಕ್ರೈಸ್ತ, ಯೆಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಯಾವುದೂ ಅಲ್ಲವೆಂದು ಬರೆದುಕೊಡಬೇಕಿತ್ತು. ಮದುವೆಯ ಹಕ್ಕಿಗಾಗಿ ತಾಯಿತಂದೆಯರ ಮತವನ್ನು ಅಲ್ಲಗಳೆಯುವುದು ಎಂಥ ಬೆಲೆ! ಕೇಶವರು ಅದಕ್ಕೂ ಒಪ್ಪಿದರು. ಈ ಷರತ್ತು ಹಿಂದೂ, ಬೌದ್ಧ, ಸಿಖ್, ಜೈನರಿಗೆ ಸಡಿಲವಾದದ್ದು 1923ರಲ್ಲಿ, ಹರಿಸಿಂಗ್ ಗೌರರ ಪ್ರಯತ್ನದಿಂದ.

ಇನ್ನು ವಯಸ್ಸಿನ ಮಾತು. ಕೇಶವರು ಹೆಸರಾಂತ ವೈದ್ಯರಿಗೆ ಪತ್ರ ಬರೆದು, ಹೆಣ್ಣಿನ ಮದುವೆಗೆ ಯಾವ ಪ್ರಾಯ ತಕ್ಕುದೆಂದು ವಿಚಾರಿಸಿದ್ದರು. ಶಾಸನದಲ್ಲಿ ಹೆಣ್ಣಿಗೆ 14, ಗಂಡಿಗೆ 18 ಎಂದಾಯಿತು. ಅನಂತರದ ಕಥೆಯನ್ನು ಓದುವಾಗ ನನ್ನ ಮನಸ್ಸು ಕುಗ್ಗಿತು. 1878ರ ಮಾರ್ಚ್ 6ರಂದು ಅವರ ಮಗಳು ಸುನೀತಿದೇವಿಗೆ ಕೂಚ್ ಬಿಹಾರದ ಮಹಾರಾಜರೊಡನೆ ವಿವಾಹವಾಯಿತು. ವಧುವಿಗೆ 14 ತುಂಬಿರಲಿಲ್ಲ, ವರನಿಗೆ 16 ಕೂಡ ಆಗಿರಲಿಲ್ಲ. ಅದು ಸಂಸ್ಥಾನ, ಶಾಸನ ಅಲ್ಲಿ ನಡೆಯದು. ರಾಜರನ್ನು ಇಂಗ್ಲೆಂಡಿಗೆ ಕಳುಹಿಸುವ ಮುನ್ನ ಮದುವೆಯಾಗಲೆಂದು ಅಧಿಕಾರಿಗಳ ಒತ್ತಾಯವೂ ಇತ್ತು. ಕೇಶವರು ಇದನ್ನು ದೇವರ ಆದೇಶವೆಂದರು. ಅನುಯಾಯಿಗಳು ನಂಬಲಿಲ್ಲ. ಶಿವನಾಥ ಶಾಸ್ತ್ರಿ, ಆನಂದಮೋಹನ ಬಸು ಮೊದಲಾದವರು ಅದೇ ಮೇ ತಿಂಗಳಲ್ಲಿ ಸಾಧಾರಣ ಬ್ರಹ್ಮಸಮಾಜವನ್ನು ಸ್ಥಾಪಿಸಿದರು. ಸುನೀತಿದೇವಿ ಮಾತ್ರ 1921ರಲ್ಲಿ ಆತ್ಮಕಥೆ ಬರೆದು ತಂದೆಯ ಪರವಾಗಿ ನಿಂತರು. ಮಗಳ ಈ ಸಾಕ್ಷ್ಯವನ್ನು ಎಷ್ಟು ತೂಗಬೇಕೋ ನನಗೆ ತಿಳಿಯದು. ತಂದೆಯ ತಪ್ಪನ್ನು ಅದು ಅಳಿಸದೆಂದೇ ನನ್ನ ಎಣಿಕೆ.

1881ರಲ್ಲಿ ಎಲ್ಲ ಮತಗಳನ್ನೂ ಬೆಸೆಯಲೆಂದು ನವವಿಧಾನವನ್ನು ಸಾರಿದ ಕೇಶವರು 1884ರ ಜನವರಿ 8ರಂದು, 45ನೆಯ ವಯಸ್ಸಿನಲ್ಲಿಯೇ ತೀರಿಕೊಂಡರು.

1872ರ ಶಾಸನದ ಸ್ಥಾನದಲ್ಲಿ ಬಂದ 1954ರ ಕಾಯಿದೆಯನ್ನೂ ತೆರೆದು ನೋಡಿದೆ. 4ನೆಯ ಸೆಕ್ಷನ್ನಿನಲ್ಲಿ ಗಂಡಿಗೆ 21, ಹೆಣ್ಣಿಗೆ 18 ಎಂದಿದೆ. ಕೇಶವರು ತಮ್ಮ ಮನೆಯಲ್ಲಿ ಎಡವಿದ್ದು ಈ ವಯಸ್ಸಿನ ಷರತ್ತಿನಲ್ಲಿಯೇ. 2023ರಲ್ಲಿ ಅರ್ಜಿದಾರರು ಬೇರೆ ರೀತಿಯಲ್ಲಿ ಓದಬೇಕೆಂದು ಬೇಡಿದ್ದು, ಅದೇ ಷರತ್ತಿನಲ್ಲಿರುವ ಗಂಡು, ಹೆಣ್ಣು ಎಂಬ ಪದಗಳನ್ನು. ಈ ವರ್ಷವೂ ಚರ್ಚಾಕೂಟಕ್ಕೆ ಇದೇ ವಿಷಯವನ್ನು ಗೊತ್ತುಮಾಡಿದ್ದಾರೆ. ಯಾವ ಪಕ್ಷದಲ್ಲಿ ಮಾತನಾಡುವೆನೆಂದು ಕಾರ್ಯದರ್ಶಿಗೆ ನಾನಿನ್ನೂ ಹೆಸರು ಕೊಟ್ಟಿಲ್ಲ.